ಗ್ರೆಗರ್ ಮೆಂಡೆಲ್

ತಂದೆತಾಯಿಗಳ ಬಣ್ಣವು ಸಂತಾನಕ್ಕೆ ಬರುವುದೆಂಬುದನ್ನು ರೈತರೂ ಪಶುಪಾಲಕರೂ ಬಹು ಹಿಂದೆಯೇ ಅರಿತಿದ್ದರು. ಆದರೆ ಯಾವ ಬಣ್ಣವು ಯಾವ ತಲೆಮಾರಿನಲ್ಲಿ ಎಷ್ಟು ಪಾಲು ಕಾಣಿಸಿಕೊಳ್ಳುವುದೆಂಬುದನ್ನು ಎಣಿಸಿ ನಿಯಮವನ್ನು ಕಂಡವನು ಗ್ರೆಗರ್ ಮೆಂಡೆಲ್.

ಮೆಂಡೆಲನು 1822ರಲ್ಲಿ, ಇಂದಿನ ಚೆಕ್ ದೇಶಕ್ಕೆ ಸೇರಿದ ಹಳ್ಳಿಯೊಂದರಲ್ಲಿ ರೈತನ ಮಗನಾಗಿ ಜನಿಸಿದನು. ಮನೆಯಲ್ಲಿ ಬಡತನವಿದ್ದುದರಿಂದ ತಂಗಿ ತೆರೇಸಿಯಾ ತನ್ನ ವರದಕ್ಷಿಣೆಯ ಒಂದು ಭಾಗವನ್ನೇ ಅಣ್ಣನ ವ್ಯಾಸಂಗಕ್ಕೆ ಬಿಟ್ಟುಕೊಟ್ಟಳು. 1843ರಲ್ಲಿ ಅವನು ಬ್ರನೋ ನಗರದ ಕ್ರೈಸ್ತ ಮಠವನ್ನು ಸೇರಿದನು. ಉಪಾಧ್ಯಾಯನಾಗಬೇಕೆಂಬುದು ಅವನ ಹಂಬಲ. 1850ರಲ್ಲಿ ಅದರ ಅರ್ಹತಾಪರೀಕ್ಷೆಯಲ್ಲಿ ಅನುತ್ತೀರ್ಣನಾದನು. ಬಳಿಕ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಅಭ್ಯಾಸ ಮಾಡಿಬಂದರೂ 1856ರಲ್ಲಿ ಆ ಪರೀಕ್ಷೆಯು ಮತ್ತೆ ಕೈಗೂಡಲಿಲ್ಲ. ಮೆಂಡೆಲನು ಎದೆಗುಂದದೆ, ಅದೇ ವರ್ಷ ಮಠದ ತೋಟದಲ್ಲಿ ಬಟಾಣಿ ಗಿಡಗಳ ಪ್ರಯೋಗವನ್ನು ಕೈಗೊಂಡನು.

ಹಳದಿ ಕಾಳಿನ ಗಿಡವನ್ನು ಹಸಿರು ಕಾಳಿನ ಗಿಡದೊಡನೆ ಸಂಕರಗೊಳಿಸಿದಾಗ ದೊರೆತ ಕಾಳುಗಳೆಲ್ಲವೂ ಹಳದಿಯಾಗಿದ್ದವು. ಹಸಿರು ಅಳಿದೇಹೋಯಿತೆಂದು ತೋರಿತು. ಮೆಂಡೆಲನು ಆ ಕಾಳುಗಳನ್ನೇ ಬಿತ್ತಿ, ಆ ಗಿಡಗಳು ತಮ್ಮಲ್ಲಿಯೇ ಪರಾಗಸ್ಪರ್ಶ ಹೊಂದುವಂತೆ ಬಿಟ್ಟನು. ಮರುಬೆಳೆಯನ್ನು ಎಣಿಸಿದಾಗ 6022 ಹಳದಿ ಕಾಳುಗಳೂ 2001 ಹಸಿರು ಕಾಳುಗಳೂ ದೊರೆತವು; ಎಂದರೆ ಸುಮಾರು ಮೂರಕ್ಕೆ ಒಂದು. ಪ್ರತಿಯೊಂದು ಜೀವಿಯೂ ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶವನ್ನು ಪಡೆಯುತ್ತದೆ. ಪ್ರಬಲವಾದುದು ಹೊರಗೆ ತೋರುತ್ತದೆ, ದುರ್ಬಲವಾದುದು ನಾಶವಾಗದೆ ಒಳಗೆ ಅಡಗಿರುತ್ತದೆ ಎಂಬ ತತ್ತ್ವವನ್ನು ಅವನು ಇದರಿಂದ ಗ್ರಹಿಸಿದನು.

ಈ ನಿಯಮವು ಪ್ರಾಣಿಗಳಿಗೂ ಅನ್ವಯಿಸುತ್ತದೆ. ಮೆಕ್ಸಿಕೊ ದೇಶದ ಸರೋವರಗಳಿಗೆ ಸೇರಿದ ಆಕ್ಸೊಲಾಟ್ಲ್ ಎಂಬ ಜಲಚರವನ್ನು ಜನರು ಗಾಜಿನ ತೊಟ್ಟಿಗಳಲ್ಲಿ ಅಕ್ಕರೆಯಿಂದ ಸಾಕುವುದುಂಟು. ಶುದ್ಧ ತಳಿಯ ಕಪ್ಪು ಆಕ್ಸೊಲಾಟ್ಲನ್ನು ಕಪ್ಪು ಕಣ್ಣಿನ ಬಿಳಿಯದರೊಡನೆ ಕೂಡಿಸಿದರೆ ಮರಿಗಳೆಲ್ಲವೂ ಕಪ್ಪು. ಆ ಮರಿಗಳು ಬೆಳೆದು ತಮ್ಮೊಳಗೆ ಕೂಡಿದಾಗ ಸುಮಾರು ನಾಲ್ಕರಲ್ಲೊಂದು ಮರಿ ಬಿಳಿಯದಾಗಿರುತ್ತದೆ. ನಾಲ್ಕೇ ಮರಿಗಳನ್ನು ನೋಡಿದರೆ ಲೆಕ್ಕ ತಪ್ಪಬಹುದು. ನೂರಾರು ಮರಿಗಳನ್ನು ಎಣಿಸಿದಾಗ ನಿಯಮವು ಸ್ಪಷ್ಟವಾಗುತ್ತದೆ. ಮೆಂಡೆಲನು ಸಾವಿರಾರು ಕಾಳುಗಳನ್ನು ಎಣಿಸಿದ್ದರ ಮರ್ಮವಿದೇ.

1865ರಲ್ಲಿ ಮೆಂಡೆಲನು ಬ್ರನೋ ನಗರದ ಪ್ರಕೃತಿವಿಜ್ಞಾನ ಸಂಘದ ಎರಡು ಸಭೆಗಳಲ್ಲಿ ತನ್ನ ಪ್ರಬಂಧವನ್ನು ಓದಿದನು. ಮರುವರ್ಷ ಅದು ಅಚ್ಚಾಯಿತು. ಆದರೆ ಅದರ ಮಹತ್ತ್ವವನ್ನು ವಿದ್ವಾಂಸರು ಗುರುತಿಸಲಿಲ್ಲ. 1868ರಲ್ಲಿ ಮಠಾಧಿಪತಿಯಾದ ಮೇಲೆ ಆಡಳಿತದ ಹೊರೆಯಿಂದ ಸಂಶೋಧನೆಗೆ ಬಿಡುವು ದೊರೆಯದಾಯಿತು. 1884ರಲ್ಲಿ ಅವನು ಕಾಲವಾದನು. 1900ರಲ್ಲಿ ಯುರೋಪಿನ ಮೂವರು ವಿಜ್ಞಾನಿಗಳು ತಮ್ಮ ಪ್ರಯೋಗಗಳಲ್ಲಿ ಅದೇ ಫಲವನ್ನು ಕಂಡು, ಮೆಂಡೆಲನ ಪ್ರಬಂಧವನ್ನು ಬೆಳಕಿಗೆ ತಂದರು.

ಅವನ ಹೆಸರು ಇಂದು ತಳಿವಿಜ್ಞಾನದ ಮೊದಲ ಪುಟದಲ್ಲಿದೆ. ಮನ್ನಣೆಯನ್ನು ಕಾಣದೆ ಹೋದರೂ ಮೆಂಡೆಲನು ತನ್ನ ಎಣಿಕೆಯಲ್ಲಿ ಶ್ರದ್ಧೆಯನ್ನು ಕಳೆದುಕೊಳ್ಳಲಿಲ್ಲ. ಕಣ್ಣಿಗೆ ತೋರದುದೆಲ್ಲ ಅಳಿದುದಲ್ಲವೆಂಬುದನ್ನು ಅವನು ಬಟಾಣಿಯ ಕಾಳಿನಿಂದ ಲೋಕಕ್ಕೆ ತಿಳಿಸಿಕೊಟ್ಟನು.