ಖಾಲಿ ದವಾಖಾನೆಯ ಡಾಕ್ಟರ್

ಪದವಿ ಮುಗಿದ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ನಡುವೆ ನಾನು ಇಷ್ಟಪಟ್ಟು ಓದುತ್ತಿರುವುದು ಎರಡು ಬಗೆಯ ಪುಸ್ತಕಗಳನ್ನು. ಒಂದು, ಇಲ್ಲದ ಲೋಕಗಳನ್ನು ಕಟ್ಟುವ ಫ್ಯಾಂಟಸಿ ಕಾದಂಬರಿಗಳು. ಇನ್ನೊಂದು, ನಿಜಕ್ಕೂ ನಡೆದ ಅಪರಾಧಗಳ ಕಥನ. ಇದರಿಂದ ಕೆಲಸ ಸಿಗುತ್ತದೆಯೇ ಎಂದು ಮನೆಯಲ್ಲಿ ಆಗಾಗ ಕೇಳುತ್ತಾರೆ. ಈ ಎರಡೂ ದಾರಿಯಲ್ಲಿ ನನಗೆ ಎದುರಾದ ಒಂದೇ ಹೆಸರು ಆರ್ಥರ್ ಕಾನನ್ ಡಾಯ್ಲ್. ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಎಂದಷ್ಟೇ ನಮಗೆ ಪರಿಚಿತನಾದ ಆತನ ಬದುಕು ಹೋಮ್ಸ್‌ನ ಕಥೆಗಳಷ್ಟೇ ನನ್ನನ್ನು ಹಿಡಿದು ಕೂರಿಸಿತು.

1859ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದ ಡಾಯ್ಲ್‌ನ ಅಪ್ಪ ಕುಡಿತಕ್ಕೆ ಬಿದ್ದು ಮಾನಸಿಕ ಆಸ್ಪತ್ರೆ ಸೇರಿದವರು. ಹುಡುಗ ಕಷ್ಟದಲ್ಲೇ ವೈದ್ಯಕೀಯ ಓದಿದ. 1880ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ತಿಮಿಂಗಿಲ ಬೇಟೆಯ ಹಡಗಿನ ವೈದ್ಯನಾಗಿ ಆರ್ಕ್ಟಿಕ್ ಸಮುದ್ರಕ್ಕೆ ಹೋಗಿ ಬಂದ. 1882ರಲ್ಲಿ ಪೋರ್ಟ್ಸ್‌ಮತ್ ಬಳಿಯ ಸೌತ್‌ಸೀಯಲ್ಲಿ ದವಾಖಾನೆ ತೆರೆದರೆ ರೋಗಿಗಳೇ ವಿರಳ. ಬಿಡುವಿನಲ್ಲಿ ಕಥೆ ಬರೆದ. ಹೋಮ್ಸ್ ಮೊದಲು ಕಾಣಿಸಿಕೊಂಡ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಕೊನೆಗೆ ಒಬ್ಬರು ಪೂರ್ತಿ ಹಕ್ಕನ್ನು ಬರೀ 25 ಪೌಂಡಿಗೆ ಕೊಂಡರು. ಅದು 1887ರಲ್ಲಿ ಪ್ರಕಟವಾಯಿತು.

1891ರಲ್ಲಿ ಆತ ವಿಯೆನ್ನಾಕ್ಕೆ ಹೋಗಿ ಕಣ್ಣಿನ ವೈದ್ಯಕೀಯ ಕಲಿತು, ಲಂಡನ್ನಿನಲ್ಲಿ ಮತ್ತೊಂದು ದವಾಖಾನೆ ತೆರೆದ. ಅಲ್ಲಿಗೆ ಒಬ್ಬ ರೋಗಿಯೂ ಬರಲಿಲ್ಲವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅದೇ ವರ್ಷ ಸ್ಟ್ರ್ಯಾಂಡ್ ಪತ್ರಿಕೆಯ ಹೋಮ್ಸ್ ಕಥೆಗಳು ಹೆಸರು ತಂದವು, ವೈದ್ಯವೃತ್ತಿ ಅಲ್ಲಿಗೆ ಮುಗಿಯಿತು. ಕಲಿತ ಕಣ್ಣಿನ ವಿದ್ಯೆ ದಂಡವಾಯಿತು ಎಂದು ಯಾರಾದರೂ ಅಂದುಕೊಳ್ಳಬಹುದಿತ್ತು.

ಆದರೆ ಜಾರ್ಜ್ ಎಡಲ್ಜಿ ಎಂಬ ವಕೀಲನ ಪ್ರಕರಣದಲ್ಲಿ ಅದೇ ವಿದ್ಯೆ ಕೆಲಸಕ್ಕೆ ಬಂತು. ಎಡಲ್ಜಿಯ ತಂದೆ ಮುಂಬೈ ಮೂಲದ ಪಾರ್ಸಿ, ಇಂಗ್ಲೆಂಡಿನ ಗ್ರೇಟ್ ವೈರ್ಲಿಯಲ್ಲಿ ಪಾದ್ರಿ. ಅಲ್ಲಿ ರಾತ್ರಿ ಹೊತ್ತು ಯಾರೋ ದನ-ಕುದುರೆಗಳನ್ನು ಕೊಯ್ದು ಹಾಕುತ್ತಿದ್ದರು. 1903ರಲ್ಲಿ ಪೊಲೀಸರು ಮಗನನ್ನು ಹಿಡಿದರು; ನ್ಯಾಯಾಲಯ ಏಳು ವರ್ಷ ಶಿಕ್ಷೆ ಕೊಟ್ಟಿತು. ಮೂರು ವರ್ಷಕ್ಕೆ ಬಿಡುಗಡೆಯಾದರೂ ಕಳಂಕ ಹೋಗಲಿಲ್ಲ, ವಕೀಲಿಕೆಯೂ ಮರಳಲಿಲ್ಲ. ಡಾಯ್ಲ್ ಆತನನ್ನು ಭೇಟಿಯಾಗಲು ಹೋದಾಗ ಎಡಲ್ಜಿ ಪತ್ರಿಕೆಯನ್ನು ಕಣ್ಣಿಗೆ ತೀರಾ ಹತ್ತಿರ, ಓರೆಯಾಗಿ ಹಿಡಿದು ಓದುತ್ತಿದ್ದ. ಇಷ್ಟು ಮಂದದೃಷ್ಟಿಯವನು ಕತ್ತಲಲ್ಲಿ ಹೊಲ ದಾಟಿ ಇಂಥ ಕೃತ್ಯ ಎಸಗಲಾರ ಎಂಬುದು ಡಾಯ್ಲ್‌ಗೆ ಅಲ್ಲೇ ಹೊಳೆಯಿತು. 1907ರಲ್ಲಿ ಪತ್ರಿಕೆಯಲ್ಲಿ ಸಾಕ್ಷ್ಯಗಳನ್ನೆಲ್ಲ ಬಿಡಿಸಿಟ್ಟ. ಅದೇ ವರ್ಷ ಸರ್ಕಾರ ಎಡಲ್ಜಿಯನ್ನು ಕ್ಷಮಿಸಿತು. ಪರಿಹಾರ ಮಾತ್ರ ಕೊಡಲಿಲ್ಲ. ವಕೀಲಿಕೆ ಮರಳಿ ಸಿಕ್ಕಿತು. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ರೂಪುಗೊಂಡದ್ದೂ 1907ರಲ್ಲೇ; ಅದಕ್ಕೆ ಒತ್ತಾಸೆಯಾದ ಪ್ರಕರಣಗಳಲ್ಲಿ ಇದೂ ಒಂದು.

ಗ್ಲಾಸ್ಗೊದ ಕೊಲೆ ಪ್ರಕರಣವೊಂದರಲ್ಲಿ ಸಿಲುಕಿದ್ದ ಆಸ್ಕರ್ ಸ್ಲೇಟರ್ ಪರವಾಗಿ ಡಾಯ್ಲ್ 1912ರಲ್ಲಿ ಪುಸ್ತಕವನ್ನೇ ಬರೆದ. ಸ್ಲೇಟರ್‌ನ ಶಿಕ್ಷೆ ರದ್ದಾಗಲು 1928 ಬರಬೇಕಾಯಿತು. ಡಾಯ್ಲ್ ಅಲ್ಲಿಯವರೆಗೂ ಕೈಬಿಡಲಿಲ್ಲ. ಸ್ಲೇಟರ್ ಪರ ಪುಸ್ತಕ ಬಂದ ವರ್ಷವೇ ಡೈನೊಸಾರ್‌ಗಳು ಇನ್ನೂ ಬದುಕಿರುವ ಪ್ರಸ್ಥಭೂಮಿಯ ಕಾದಂಬರಿ ದಿ ಲಾಸ್ಟ್ ವರ್ಲ್ಡ್ ಕೂಡ ಬಂತು.

ಇಷ್ಟು ಚುರುಕು ಕಣ್ಣಿನ ಮನುಷ್ಯನೇ 1920ರಲ್ಲಿ, ಇಬ್ಬರು ಹುಡುಗಿಯರು ತೆಗೆದ ಕಿನ್ನರಿಯರ ಫೋಟೊಗಳನ್ನು ನಂಬಿಬಿಟ್ಟ. ಅವು ಕಾಗದದಲ್ಲಿ ಕತ್ತರಿಸಿದ ಚಿತ್ರಗಳು ಎಂದು ಅವರು ಒಪ್ಪಿಕೊಂಡದ್ದು 1983ರಲ್ಲಿ. ಸತ್ತವರೊಂದಿಗೆ ಮಾತಾಡಬಹುದೆಂಬ ನಂಬಿಕೆ ಆತನಲ್ಲಿ ಮೊದಲೇ ಬೇರೂರಿತ್ತು; 1918ರಲ್ಲಿ ಮಗ, ಮರುವರ್ಷ ತಮ್ಮ ತೀರಿಕೊಂಡಿದ್ದರು. ಇದನ್ನು ಓದುವಾಗ ನನಗೆ ನಗು ಬರಲಿಲ್ಲ. ಬೇರೆಯವರ ಪ್ರಕರಣದಲ್ಲಿ ಸಾಕ್ಷ್ಯ ಕೇಳುವುದಕ್ಕಿಂತ, ನಾವು ನಿಜವಾಗಲಿ ಎಂದು ಬಯಸುವ ವಿಷಯಕ್ಕೆ ಸಾಕ್ಷ್ಯ ಕೇಳುವುದು ಕಷ್ಟ.

ಡಾಯ್ಲ್ 1930ರ ಜುಲೈ 7ರಂದು ತೀರಿಕೊಂಡ. ಆತನನ್ನು ಓದಿದ ಮೇಲೆ ನನ್ನ ಎರಡು ಅಭ್ಯಾಸ ಬದಲಾಗಿವೆ. ಮೊಬೈಲಿನಲ್ಲಿ ಇವನೇ ಅಪರಾಧಿ ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸುವುದಿಲ್ಲ. ಯಾವ ಪರೀಕ್ಷೆಗೂ ಬಾರದ ವಿಷಯ ಓದುವಾಗ ಸಮಯ ಹಾಳೆಂದು ಕೊರಗುವುದಿಲ್ಲ. ಖಾಲಿ ದವಾಖಾನೆಯ ಆ ವಿದ್ಯೆ ಹದಿನಾರು ವರ್ಷಗಳ ನಂತರ ಒಬ್ಬನ ಮಾನ ಉಳಿಸಿತಲ್ಲ!