ಪುಲಿಕೇಶಿಯ ನಾಡು ಕಂಡ ಚೀನಾದ ಭಿಕ್ಷು ಹ್ಯೂಯೆನ್‌ತ್ಸಾಂಗ್

ಅನಗವಾಡಿ: ಸೇತುವೆ ದಾಟುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಂತವರು ಘಟಪ್ರಭೆಯನ್ನು ನೋಡೇ ನೋಡ್ತಾರೆ. ಆಲಮಟ್ಟಿ ತುಂಬಿದಾಗ ಕಣ್ಣು ಹಾಯಿಸಿದಷ್ಟೂ ಹಿನ್ನೀರು, ಬ್ಯಾಸಗಿ ಬಂತಂದ್ರೆ ಬೇರೆಯದೇ ಹೊಳೆ. ನೀರು ದಿನಾ ಹೊಸದು, ಹೆಸರು ಮಾತ್ರ ಹಳೇದು. ಮನುಷ್ಯನ ಮನಸ್ಸೂ ಹಿಂಗೇ ಹರಿಯೋ ಹೊಳೆ, ಅದರೊಳಗೆ ಗಟ್ಟಿಯಾಗಿ ನಿಂತ ನಾನು ಅನ್ನೋದು ಯಾವುದೂ ಇಲ್ಲ ಅಂತ ಬೌದ್ಧ ಗುರು ವಸುಬಂಧು ಬರೆದಿಟ್ಟಿದ್ದ. ಅದನ್ನು ಮೂಲದಲ್ಲೇ ಕಲಿಯಬೇಕು ಅಂತ ಚೀನಾದಿಂದ ಮರುಭೂಮಿ, ಹಿಮದ ಬೆಟ್ಟ ದಾಟಿ ಬಂದವನು ಹ್ಯೂಯೆನ್‌ತ್ಸಾಂಗ್. ಶಾಲೆ ಪುಸ್ತಕದಲ್ಲಿ ಇಮ್ಮಡಿ ಪುಲಿಕೇಶಿಯ ಪಾಠದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುವ ಆ ಯಾತ್ರಿಕನೇ ಈತ.

ಹುಟ್ಟಿದ್ದು ಕ್ರಿ.ಶ. 602ರ ಸುಮಾರಿಗೆ, ಲೊಯಾಂಗ್ ಪಟ್ಟಣದ ಹತ್ತಿರ. ನಾಲ್ವರು ಗಂಡುಮಕ್ಕಳಲ್ಲಿ ಕಿರಿಯವನು. ತಂದೆ ಬೇಗ ತೀರಿಕೊಂಡ. ಭಿಕ್ಷುವಾಗಿದ್ದ ಅಣ್ಣ ತಮ್ಮನನ್ನೂ ಮಠಕ್ಕೆ ಕರೆದುಕೊಂಡು ಹೋದ. ಅಷ್ಟೊತ್ತಿಗೆ ಸುಯಿ ಮನೆತನದ ಆಳ್ವಿಕೆ ಕುಸಿದು ಎಲ್ಲೆಲ್ಲೂ ದಂಗೆ, ಹಸಿವು. ಅಣ್ಣ ತಮ್ಮ ಇಬ್ಬರೂ ಜೀವ ಉಳಿಸಿಕೊಂಡು ಚೆಂಗ್ಡು ಊರಿಗೆ ಓಡಿದರು. 622ರಲ್ಲಿ ಅಲ್ಲೇ ಪೂರ್ಣ ದೀಕ್ಷೆ ಆಯ್ತು.

ಹುಡುಗ ಓದಿದ ಗ್ರಂಥಗಳೆಲ್ಲ ಸಂಸ್ಕೃತದಿಂದ ಚೀನೀ ಭಾಷೆಗೆ ತಂದವು. ಒಂದಕ್ಕೊಂದು ತಾಳೆ ಇಲ್ಲ. ಯಾವ ಗುರುವನ್ನು ಕೇಳಿದರೂ ಒಂದೊಂದು ಉತ್ತರ. ಸರಿ, ಮೂಲ ಇದ್ದಲ್ಲಿಗೇ ಹೋಗೋಣ ಅಂತ 629ರ ಹೊತ್ತಿಗೆ ಹೊಂಟೇಬಿಟ್ಟ. ಆಗ ಗಡಿ ದಾಟೋದಕ್ಕೆ ಬಂದಿ ಇತ್ತು, ಅಪ್ಪಣೆ ಸಿಗಲಿಲ್ಲ. ಕದ್ದುಮುಚ್ಚಿ ಹೋದ. ದಾರಿ ತೋರಿಸಲು ಬಂದವನು ರಾತ್ರಿ ಕತ್ತಿ ಹಿರಿದು ಹತ್ತಿರ ಬಂದು, ಮತ್ತೆ ಹಿಂದೆ ಸರಿದ. ಬೆಳಿಗ್ಗೆ ಅವನನ್ನು ವಾಪಸ್ ಕಳಿಸಿ ಒಬ್ಬನೇ ಮರುಭೂಮಿಗೆ ಇಳಿದ. ಜೊತೆಗಿದ್ದದ್ದು ಒಂದು ಮುದಿ ಕೆಂಪು ಕುದುರೆ.

ಅಲ್ಲಿ ಅನಾಹುತ ಆಯ್ತು. ನೀರಿನ ಚರ್ಮದ ಚೀಲ ಕೈಜಾರಿ ಅಷ್ಟೂ ನೀರು ಮರಳು ಪಾಲು. ಹಿಂದಕ್ಕೆ ತಿರುಗಿ ಸ್ವಲ್ಪ ದೂರ ನಡೆದೂಬಿಟ್ಟ. ಆಮೇಲೆ ಭಾರತ ಮುಟ್ಟುವ ತನಕ ಪೂರ್ವಕ್ಕೆ ಒಂದು ಹೆಜ್ಜೆನೂ ಇಡೋದಿಲ್ಲ ಅಂತ ಮಾಡಿದ ಆಣೆ ನೆನಪಾಯ್ತು. ಮತ್ತೆ ಪಶ್ಚಿಮಕ್ಕೇ ಮುಖ ಮಾಡಿದ. ನಾಲ್ಕು ರಾತ್ರಿ ಐದು ಹಗಲು ಹನಿ ನೀರಿಲ್ಲ. ಕಡೆಗೆ ಆ ಕುದುರೆಯೇ ದಾರಿ ಬಿಟ್ಟು ನಡೆದು ಹುಲ್ಲು, ನೀರು ಇದ್ದ ಜಾಗ ಮುಟ್ಟಿಸಿತು. 

ಮುಂದೆ ತುರ್ಫಾನ್ ರಾಜನ ಕಾಟ ಇನ್ನೊಂದು ಥರ. ನಮ್ಮಲ್ಲೇ ಗುರುವಾಗಿ ಇರಬೇಕು ಅಂತ ಬಿಡಲೇ ಇಲ್ಲ. ಈತ ಅನ್ನ ನೀರು ಬಿಟ್ಟು ಕುಂತ. ರಾಜ ಸೋತ. ಬರುವಾಗ ಮೂರು ವರ್ಷ ಇಲ್ಲೇ ಇರಬೇಕು ಅಂತ ಮಾತು ತಗೊಂಡು, ಕುದುರೆ, ಆಳು, ದಾರಿಯ ರಾಜರಿಗೆಲ್ಲ ಪತ್ರ ಕೊಟ್ಟು ಕಳಿಸಿದ. ಹಿಮದ ಬೆಟ್ಟ ದಾಟುವಾಗ ಸಂಗಡಿಗರಲ್ಲಿ ಎಷ್ಟೋ ಜನ ಸತ್ತರು. ಬಾಮಿಯಾನದ ದೊಡ್ಡ ಬುದ್ಧ ಮೂರ್ತಿಗಳನ್ನು ಕಣ್ಣಾರೆ ಕಂಡು ಬರೆದ. ಅವನ್ನು 2001ರಲ್ಲಿ ಒಡೆದು ಹಾಕಿದರು.

ಕಾಶ್ಮೀರದಲ್ಲಿ ಎರಡು ವರ್ಷ ಓದಿ, ಕಡೆಗೆ ನಾಳಂದ. ಅಲ್ಲಿ ತೀರಾ ವಯಸ್ಸಾದ ಗುರು ಶೀಲಭದ್ರ. ಆತನ ಕಾಲ ಬುಡದಲ್ಲಿ ಕುಂತು ಕಲಿತದ್ದು ಯೋಗಾಚಾರ.

ಪ್ಯಾಟಿ ಮಂದಿಗೆ ತಿಳಿಯುವಂಗ ಹೇಳೋದಾದ್ರೆ ಇದರ ಮೊದಲ ಪಾಠ ಒಂದು ಬೆಲ್ಲದ ಪೆಂಟಿ. ಮಹಾಲಿಂಗಪುರದಲ್ಲಿ ಸಿಗೋ ಪೆಂಟಿಯೊಳಗೆ ಕಬ್ಬು ಐತಿ, ಹೊಳಿ ನೀರು ಐತಿ, ಒಲೆಗೆ ಹಾಕಿದ ಸಿಪ್ಪೆ ಐತಿ, ಗಾಣದ ಆಳಿನ ರಾತ್ರಿ ನಿದ್ದೆಗೇಡು ಐತಿ. ಇದನ್ನೆಲ್ಲ ಒಂದೊಂದಾಗಿ ತೆಗೆದಿಟ್ಟರೆ ಬೆಲ್ಲ ಅನ್ನೋ ಬೇರೆ ಪದಾರ್ಥ ಉಳಿಯೋದಿಲ್ಲ. ಎಲ್ಲವೂ ಒಂದರ ಆಸರೆಯಿಂದ ಇನ್ನೊಂದು. ಮನುಷ್ಯನೂ ಅಷ್ಟೇ ಅಂತಾರೆ ಬೌದ್ಧರು.

ಆಗ ಯಾವ ಅಂಗಡಿಕಾರನಾದರೂ ಕೇಳೋ ಪ್ರಶ್ನೆ ಒಂದು ಉಳೀತದೆ. ನಾನು ಅನ್ನೋದೇ ಇಲ್ಲ ಅಂದ್ರೆ ಮಾಡಿದ ಪಾಪ ಪುಣ್ಯದ ಉದ್ರಿ ಯಾರ ಖಾತೆಗೆ? ಯೋಗಾಚಾರದವರು ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ಮಾಡಿದ ಪ್ರತಿ ಕೆಲಸ ಮನಸ್ಸಿನ ತಳದ ಉಗ್ರಾಣದಲ್ಲಿ ಒಂದು ಬೀಜ ಬಿಡತದೆ, ಆಲಯ ವಿಜ್ಞಾನ ಅಂತ ಅದರ ಹೆಸರು. ಆ ಉಗ್ರಾಣವೂ ಒಂದೇ ಸಮನೆ ಇರೋದಿಲ್ಲ, ಕ್ಷಣ ಕ್ಷಣಕ್ಕೂ ಬದಲಾಗತದೆ. ಹೋದ ವರ್ಷ ಬಿತ್ತಿದ ಜೋಳದ ಕಾಳು ಈ ವರ್ಷದ ತೆನೆಯಲ್ಲಿ ಹುಡುಕಿದರೆ ಸಿಗಲ್ಲ, ಆದರೆ ಆ ಕಾಳಿಲ್ಲದೆ ಈ ತೆನೆ ಇಲ್ಲ. ಉದ್ರಿ ತೀರಿಸೋನು ಅದೇ ಮನುಷ್ಯನೂ ಅಲ್ಲ, ಬೇರೆಯವನೂ ಅಲ್ಲ. ಇದನ್ನು ಒಪ್ಪದವರು ಆಗಲೂ ಬಹಳ ಜನ ಇದ್ದರು, ಬೌದ್ಧರಲ್ಲೇ ಇದ್ದರು.

ಓದು ಮುಗಿಸಿ ದಕ್ಷಿಣಕ್ಕೆ ಇಳಿದ. ಕಂಚಿಯಿಂದ ಸಿಂಹಳಕ್ಕೆ ಹೋಗೋ ಮನಸ್ಸಿತ್ತು. ಅಲ್ಲಿ ಬರಗಾಲ, ಗಲಾಟೆ ಅಂತ ತಿಳಿದು ಬಿಟ್ಟ. ಕಂಚಿಯಿಂದ ಕೊಂಕಣಪುರ ಅನ್ನೋ ನಾಡಿಗೆ ಬಂದ. ಅದು ಬನವಾಸಿ ಅಂತ ಕೆಲವರು, ಅಲ್ಲ ಅಂತ ಕೆಲವರು. ಅಲ್ಲಿನ ತಾಳೆ ಗರಿಗೆ ಬರೆಯೋರ ಕಡೆಯಿಂದ ಬಲು ಬೇಡಿಕೆ ಅಂತ ಬರೆದಿದ್ದಾನೆ. ಅಲ್ಲಿಂದ 641ರ ಸುಮಾರಿಗೆ ಪುಲಿಕೇಶಿಯ ರಾಜ್ಯ. ಆತ ಕಂಡ ರಾಜಧಾನಿ ಬಾದಾಮಿಯೋ ನಾಸಿಕವೋ ಅನ್ನೋ ವಾದ ಇನ್ನೂ ಮುಗಿದಿಲ್ಲ. ರಾಜ ಮಾತ್ರ ಪುಲಿಕೇಶಿಯೇ.

ಇಲ್ಲಿನ ಜನರ ಬಗ್ಗೆ ಆತ ಬರೆದಿದ್ದು ಓದಿದರೆ ಇವತ್ತೂ ನಗು ಬರತದೆ. ನೆಟ್ಟಗಿನ ಮಂದಿ, ಸೊಕ್ಕಿನ ಮಂದಿ. ಉಪಕಾರ ಮಾಡಿದರೆ ಮರೆಯಲ್ಲ, ಅವಮಾನ ಮಾಡಿದರೆ ಬಿಡಲ್ಲ. ಸೇಡು ತೀರಿಸೋ ಮೊದಲು ವೈರಿಗೆ ಸುದ್ದಿ ಮುಟ್ಟಿಸಿಯೇ ಹೋಗ್ತಾರೆ. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟೆ ಕೊಡ್ತಾರೆ, ಆ ನಾಚಿಕೆಗೆ ಆತ ಜೀವ ಕಳಕೊಳ್ತಾನೆ. ಯುದ್ಧಕ್ಕೆ ಮುಂಚೆ ಆನೆಗಳಿಗೂ ಹೆಂಡ ಕುಡಿಸ್ತಾರೆ. ಹರ್ಷನಂಥ ಚಕ್ರವರ್ತಿಗೂ ಈ ರಾಜ ಮಣಿಯಲಿಲ್ಲ ಅಂತಲೂ ಬರೆದ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ 634ರಲ್ಲಿ ಕೊರೆಸಿದ ಶಾಸನಕ್ಕೆ ಇದು ಸರಿಯಾಗಿ ತಾಳೆ ಆಗತದೆ. ಅದೇ ಗುಡ್ಡದಲ್ಲಿ, ಮೇಗುತಿಯ ಕೆಳಗೆ, ಎರಡು ಅಂತಸ್ತಿನ ಬೌದ್ಧ ಗುಡಿ ಇದೆ, ಛಾವಣಿಯಲ್ಲಿ ಬುದ್ಧನ ಕೆತ್ತನೆ. ಮೇಗುತಿ ನೋಡಿ ಹಂಗೇ ಇಳಿದು ಬರುವವರೇ ಹೆಚ್ಚು.

ಹ್ಯೂಯೆನ್‌ತ್ಸಾಂಗ್ ಹೋದ ಮೇಲೆ ವರ್ಷವೋ ಎರಡು ವರ್ಷವೋ, ಅಷ್ಟೇ. 642ರಲ್ಲಿ ಕಂಚಿಯ ನರಸಿಂಹವರ್ಮ ಬಾದಾಮಿಗೆ ನುಗ್ಗಿದ. ಪುಲಿಕೇಶಿಯ ಆಳ್ವಿಕೆ ಅಲ್ಲಿಗೆ ಮುಗಿಯಿತು. ಗೆದ್ದವನ ಶಾಸನ ಬಾದಾಮಿಯ ಬಂಡೆ ಮೇಲೆ ಇವತ್ತಿಗೂ ಇದೆ. ಗೆದ್ದ ಊರು, ಸೋತ ಊರು ಎರಡರ ನೀರೂ ಕುಡಿದಿದ್ದ ಭಿಕ್ಷು ಆಗ ಉತ್ತರದಲ್ಲಿದ್ದ.

ಹರ್ಷ ಕನೌಜಿನಲ್ಲಿ ದೊಡ್ಡ ಸಭೆ ಮಾಡಿ ಮೆರೆಸಿದ. ಊರಿಗೆ ಹೊರಟಾಗ ಸಿಂಧೂ ಹೊಳೆಯಲ್ಲಿ ದೋಣಿ ಹೊಯ್ದಾಡಿ 50 ಹಸ್ತಪ್ರತಿ, ಜೊತೆಗೆ ಒಯ್ಯುತ್ತಿದ್ದ ಹೂವಿನ ಬೀಜ ನೀರುಪಾಲು. ಗ್ರಂಥಗಳನ್ನು ಮತ್ತೆ ನಕಲು ಮಾಡಿಸಿಕೊಳ್ಳೋ ತನಕ ಕಾದ. ತುರ್ಫಾನ್ ರಾಜನಿಗೆ ಕೊಟ್ಟ ಮಾತಿತ್ತಲ್ಲ, ಅದನ್ನು ನಡೆಸೋ ಪ್ರಸಂಗವೇ ಬರಲಿಲ್ಲ. ರಾಜ ಸತ್ತಿದ್ದ, 640ರಲ್ಲಿ ರಾಜ್ಯವನ್ನು ಚೀನಾದ ಸೈನ್ಯವೇ ನುಂಗಿತ್ತು. ಬೇರೆ ದಾರಿ ಹಿಡಿದ.

645ರಲ್ಲಿ 20 ಕುದುರೆಗಳ ಮೇಲೆ 657 ಗ್ರಂಥ ಹೇರಿಕೊಂಡು ಚಾಂಗಾನ್ ಪಟ್ಟಣ ಸೇರಿದ. ಕದ್ದು ಹೋದವನಿಗೆ ಚಕ್ರವರ್ತಿಯದೇ ಸ್ವಾಗತ. ಮಂತ್ರಿ ಪದವಿ ಕೊಡ್ತೀನಿ ಅಂದರೂ ಬೇಡ ಅಂದು 19 ವರ್ಷ ಅನುವಾದಕ್ಕೇ ಕುಂತ. 75 ಗ್ರಂಥ ಮುಗಿದವು. ಅವುಗಳಲ್ಲಿ ಎಷ್ಟೋ ಗ್ರಂಥಗಳ ಸಂಸ್ಕೃತ ಮೂಲ ಮುಂದೆ ಭಾರತದಲ್ಲೇ ಕಳೆದುಹೋಯಿತು, ಉಳಿದದ್ದು ಈತನ ಚೀನೀ ಪ್ರತಿ.

664ರಲ್ಲಿ ತೀರಿಕೊಂಡ. ದೇಹವನ್ನು ಒರಟು ಬಿದಿರು ಚಾಪೆಯಲ್ಲಿ ಸುತ್ತಿ ಯಾವುದಾದರೂ ಕಣಿವೆಯಲ್ಲಿ ಇಡಿ ಅಂತ ಶಿಷ್ಯರಿಗೆ ಹೇಳಿದ್ದ. ಐದು ವರ್ಷದ ಮೇಲೆ ಸಮಾಧಿಯನ್ನೂ ಬೇರೆ ಕಡೆ ಎಬ್ಬಿಸಬೇಕಾಯ್ತು. ಅರಮನೆಯಿಂದ ಅದು ಕಾಣ್ತಿತ್ತು, ಕಂಡಾಗೆಲ್ಲ ಚಕ್ರವರ್ತಿಗೆ ದುಃಖ ಉಕ್ಕಿ ಬರ್ತಿತ್ತಂತೆ.