ಅನಂತ ಕರುಮಂಚಿ: ತಾಯಂದಿರ ನೆತ್ತರನ್ನು ಓದಿದ ವೈದ್ಯರು

ಮಕ್ಕಳಿರಾ, ನೀವು ಹುಟ್ಟುವುದಕ್ಕೆ ಮುನ್ನ ನಿಮ್ಮ ತಾಯಂದಿರು ವೈದ್ಯರ ಬಳಿಗೆ ಹೋದಾಗಲೆಲ್ಲ ಅವರ ತೋಳಿಗೆ ಪಟ್ಟಿ ಬಿಗಿದು ರಕ್ತದೊತ್ತಡವನ್ನು ಅಳೆದುದೂ, ಮೂತ್ರದಲ್ಲಿ ಬಣ್ಣ ಬದಲಿಸುವ ಪುಟ್ಟ ಪಟ್ಟಿಯೊಂದನ್ನು ಅದ್ದಿ ನೋಡಿದುದೂ ಏತಕ್ಕೆಂದು ಅವರನ್ನೇ ಕೇಳಿರಿ. ಇಪ್ಪತ್ತು ವಾರ ತುಂಬಿದ ಮೇಲೆ ಕೆಲವು ಗರ್ಭಿಣಿಯರ ರಕ್ತದೊತ್ತಡವು 140/90ಕ್ಕೆ, ಅದಕ್ಕೂ ಮೇಲಕ್ಕೆ ಏರುತ್ತದೆ. ಮೂತ್ರದಲ್ಲಿ ಪ್ರೋಟೀನು ಸೋರುತ್ತದೆ. ರೋಗವು ಉಲ್ಬಣಿಸಿದರೆ ಸೆಳವು ಬಂದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಚಕಾರ ಒದಗುತ್ತದೆ. ಪ್ರೀಎಕ್ಲಾಂಪ್ಸಿಯ ಎಂಬ ಈ ವ್ಯಾಧಿಯು ಹೆರಿಗೆಯಾಗಿ ಮಾಸು ಹೊರಬಿದ್ದ ಬಳಿಕ ಸಾಮಾನ್ಯವಾಗಿ ಶಮನವಾಗುವುದೆಂದು ವೈದ್ಯರು ಬಹುಕಾಲದಿಂದ ಬಲ್ಲರು; ಆ ಮಾಸಿನಲ್ಲಿ ಅಡಗಿದ್ದ ದೋಷವೇನೆಂಬುದು ಮಾತ್ರ ಅವರಿಗೆ ಗೋಚರಿಸಿರಲಿಲ್ಲ.

ಅದನ್ನು ಅರಸಿದವರಲ್ಲಿ ಅಗ್ರಗಣ್ಯರಾದ ಡಾಕ್ಟರ್ ಅನಂತ ಕರುಮಂಚಿಯವರು ಪ್ರಸೂತಿತಜ್ಞರಲ್ಲ, ಮೂತ್ರಪಿಂಡಗಳ ವೈದ್ಯರು. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ ಅಮೆರಿಕೆಗೆ ತೆರಳಿದ ಅವರು, ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೇಂದ್ರದಲ್ಲಿ ಶ್ಯಾರನ್ ಮೇನಾರ್ಡ್ ಮೊದಲಾದ ಸಹೋದ್ಯೋಗಿಗಳೊಡನೆ, ರೋಗಪೀಡಿತರ ಮಾಸಿನಲ್ಲಿಯೂ ಆರೋಗ್ಯವಂತರ ಮಾಸಿನಲ್ಲಿಯೂ ಯಾವ ಯಾವ ಜೀನುಗಳು ಎಷ್ಟೆಷ್ಟು ಚುರುಕಾಗಿವೆಯೆಂಬುದನ್ನು ಹೋಲಿಸಿ ನೋಡಿದರು. ಎಸ್‌ಫ್ಲಿಟ್-1 ಎಂಬ ಪ್ರೋಟೀನಿನ ಜೀನು ರೋಗಪೀಡಿತರಲ್ಲಿ ಮಿತಿಮೀರಿ ಕೆಲಸ ಮಾಡುತ್ತಿತ್ತು. ರಕ್ತನಾಳಗಳ ಒಳಪದರವನ್ನು ಪೋಷಿಸುವ ವಿಇಜಿಎಫ್ ಮತ್ತು ಪಿಎಲ್‌ಜಿಎಫ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು, ಮನೆಗೆ ಬರಬೇಕಾದ ಓಲೆಯನ್ನು ದಾರಿಯಲ್ಲಿಯೇ ಯಾರೋ ಕೈಚಾಚಿ ಕಸಿದುಕೊಂಡಂತೆ, ಈ ಪ್ರೋಟೀನು ನೆತ್ತರಿನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ; ಪೋಷಣೆ ತಪ್ಪಿದ ನಾಳಗಳು ಕೆಡುತ್ತವೆ, ಮೂತ್ರಪಿಂಡದ ಸೂಕ್ಷ್ಮವಾದ ಸೋಸುಜಾಲವೂ ಅವುಗಳೊಡನೆ ಹಾಳಾಗುತ್ತದೆ.

ನನಗೆ ಅತ್ಯಂತ ಗೌರವಾರ್ಹವಾಗಿ ತೋರುವುದು ಇದರ ಮುಂದಿನ ಹೆಜ್ಜೆ. ರೋಗವಿದ್ದಲ್ಲಿ ಒಂದು ವಸ್ತು ಹೆಚ್ಚಾಗಿ ಕಂಡಿತೆಂದ ಮಾತ್ರಕ್ಕೆ ಅದೇ ರೋಗದ ಕಾರಣವೆಂದು ಹೇಳಲಾಗದು. ರೋಗದ ಫಲವಾಗಿಯೂ ಅದು ಹೆಚ್ಚಿರಬಹುದಲ್ಲವೆ? ಆದಕಾರಣ ಅವರು ಆ ಜೀನನ್ನು ನಿರಪಾಯಕರವಾಗಿ ಮಾರ್ಪಡಿಸಿದ ವೈರಾಣುವೊಂದರ ಮೂಲಕ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನು ಕಾಣಿಸಿತು, ಮೂತ್ರಪಿಂಡಗಳಲ್ಲಿ ಈ ವ್ಯಾಧಿಯ ವಿಶಿಷ್ಟ ವಿಕಾರವೇ ಮೂಡಿತು. ಗರ್ಭವಿಲ್ಲದ ಇಲಿಗಳಲ್ಲಿಯೂ ಹೀಗೆಯೇ ಆದುದರಿಂದ, ಕೇಡಿಗೆ ಆ ಪ್ರೋಟೀನೊಂದೇ ಸಾಕೆಂಬುದು ಸಿದ್ಧವಾಯಿತು. 2003ರಲ್ಲಿ ಇದು ಪ್ರಕಟವಾಯಿತು. ಮರುವರ್ಷ, ಲಕ್ಷಣಗಳು ತೋರುವುದಕ್ಕೆ ಸುಮಾರು ಐದು ವಾರ ಮೊದಲೇ ತಾಯಿಯ ನೆತ್ತರಿನಲ್ಲಿ ಆ ಪ್ರೋಟೀನು ಏರತೊಡಗುವುದೆಂದು ಅವರೂ ರಿಚರ್ಡ್ ಲೆವೀನರೂ ಇತರರೂ ತೋರಿಸಿಕೊಟ್ಟರು. ಎಂಡೊಗ್ಲಿನ್ ಎಂಬ ಇನ್ನೊಂದು ಪ್ರೋಟೀನೂ ಈ ಕೇಡಿನಲ್ಲಿ ಪಾಲುಗೊಳ್ಳುವುದು 2006ರಲ್ಲಿ ತಿಳಿದುಬಂದಿತು.

ಎಸ್‌ಫ್ಲಿಟ್-1 ಮತ್ತು ಪಿಎಲ್‌ಜಿಎಫ್‌ಗಳ ಪ್ರಮಾಣವನ್ನು ಹೋಲಿಸುವ ರಕ್ತಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2023ರಲ್ಲಿ ಅನುಮತಿಯಿತ್ತಿತು. ರಕ್ತದೊತ್ತಡವೇರಿ ಆಸ್ಪತ್ರೆ ಸೇರಿದ ಗರ್ಭಿಣಿಯಲ್ಲಿ ಎರಡು ವಾರಗಳೊಳಗೆ ರೋಗವು ತೀವ್ರವಾದೀತೇ ಎಂದು ಅಂದಾಜಿಸಲು ಅದು ನೆರವಾಗುತ್ತದೆ. ಆದರೆ ಮುನ್ಸೂಚನೆ ದೊರೆತಷ್ಟು ಸುಲಭವಾಗಿ ಚಿಕಿತ್ಸೆ ದೊರೆತಿಲ್ಲ. ತಾಯಿಯ ನೆತ್ತರನ್ನು ಶೋಧಕದ ಮೂಲಕ ಹಾಯಿಸಿ ಮಿತಿಮೀರಿದ ಎಸ್‌ಫ್ಲಿಟ್-1 ಪ್ರೋಟೀನನ್ನು ತೆಗೆಯುವ ಯತ್ನವನ್ನು ರವಿ ಥದಾನಿಯವರೊಡನೆ ಕರುಮಂಚಿಯವರು ಕೆಲವೇ ಮಹಿಳೆಯರಲ್ಲಿ ನಡೆಸಿ, ಅದರ ಫಲವನ್ನು 2011ರಲ್ಲಿ ಪ್ರಕಟಿಸಿದರು. ಇಂತಹ ಚಿಕಿತ್ಸೆಯಿಂದ ಗರ್ಭವು ಕೆಲವು ದಿನ ಹೆಚ್ಚು ನಿಂತರೂ ಅದು ಅಲ್ಪವಲ್ಲ, ಏಕೆಂದರೆ ಏಳನೆಯ ತಿಂಗಳಿನ ಕೂಸಿನ ಶ್ವಾಸಕೋಶಗಳು ಬಲಿಯುವುದು ಅಂತಹ ದಿನಗಳಲ್ಲಿಯೇ.